ವಾಸನೆಯಿಲ್ಲದ ಹೂ

"ಹಾರ ಒಳಗೆ ತರಬೇಡಿ."

ಸುನಂದ ಗೇಟಿಗೆ ಅಡ್ಡ ನಿಂತಿದ್ದಳು. ಒಂದು ಕೈ ಗೇಟಿನ ಸರಳಿನ ಮೇಲಿತ್ತು, ಇನ್ನೊಂದು ಕಾಂಪೌಂಡು ಗೋಡೆಯ ಮೇಲೆ. ಆಚೆ ಬದಿಯಲ್ಲಿ, ಮಾಸ್ತಿಯಿಂದ ಬಂದ ವ್ಯಾನಿನಿಂದ ಆಗತಾನೆ ಇಳಿದ ಸೊಣ್ಣಪ್ಪ ಎರಡು ತೋಳುಗಳ ಮೇಲೂ ಸುಗಂಧರಾಜದ ಹಾರಗಳನ್ನು ಇಳಿಬಿಟ್ಟುಕೊಂಡು ನಿಂತಿದ್ದ. ಒಳಗೆ ಅಂಗಳದಲ್ಲಿ, ಹೊಂಗೆಮರದ ಕೆಳಗೆ ಚಾಪೆಯ ಮೇಲೆ ಮಲಗಿದ್ದವಳು ಅವನ ಅಕ್ಕ ಅಶ್ವತ್ಥಮ್ಮ. ಸುನಂದಳಿಗೆ ಆಕೆ ವಾರಗಿತ್ತಿ, ಗಂಡನ ತೀರಿಹೋದ ಅಣ್ಣನ ಹೆಂಡತಿ.

ದಾರಿಯುದ್ದಕ್ಕೂ ಅಳುತ್ತ ಬಂದಿದ್ದವನಿಗೆ ಅಳು ಅಲ್ಲೇ ನಿಂತಿತು. ಏನಂದ್ರಿ ಎಂದು ಕೇಳಿದ.

"ಸೀರೆ ತನ್ನಿ, ಅಕ್ಕಿ ತನ್ನಿ. ಹೂ ಬೇಡ, ಊದಿನಕಡ್ಡಿ ಬೇಡ. ಹುಳ ಹಣ್ಣಾಗಿದೆ ಸೊಣ್ಣಪ್ಪಣ್ಣ."

ಹುತ್ತೂರಿನ ಸುತ್ತ ರೇಷ್ಮೆ ಮಾಡುವ ಮನೆಗಳಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಳ ಮನೆಯಲ್ಲಿರುವಷ್ಟು ದಿನ ಮಲ್ಲಿಗೆ ಮುಡಿಯುವಂತಿಲ್ಲ, ಸಾಂಬ್ರಾಣಿ ಹಾಕುವಂತಿಲ್ಲ, ಇಂಗಿನ ಒಗ್ಗರಣೆ ಕೊಡುವಂತಿಲ್ಲ. ವಾಸನೆ ತಾಕಿದ ಹುಳ ಸೊಪ್ಪು ಬಿಟ್ಟು ತಲೆಯೆತ್ತಿ ಕೂರುತ್ತದೆ, ಗೂಡು ಕಟ್ಟದೆ ಕರಗಿಹೋಗುತ್ತದೆ ಎಂಬುದು ಹಿರಿಯರಿಂದ ಬಂದ ಮಾತು. ಅದರಲ್ಲೂ ನಾಲ್ಕು ಸಲ ಪೊರೆ ಕಳಚಿ, ತಿಂದು ತಿಂದು ದಪ್ಪಗಾಗಿ, ಮೈಯೆಲ್ಲ ಹಳದಿಗೆ ತಿರುಗಿ, ಎಳೆ ಬಿಡುವುದಕ್ಕೆ ಜಾಗ ಹುಡುಕುವ ದಿನ ಬಂದರೆ ಮನೆಯವರು ಜೋರಾಗಿ ಸೀನಲೂ ಹಿಂಜರಿಯುತ್ತಿದ್ದರು. ಅಶ್ವತ್ಥಮ್ಮ ಸಾಯಲು ಆರಿಸಿಕೊಂಡದ್ದು ಆ ದಿನವನ್ನು. ಹುಳುಮನೆಯ ಕಿಟಕಿಗೂ ಹೊಂಗೆಮರಕ್ಕೂ ನಡುವೆ ಒಂದು ಎತ್ತಿನಗಾಡಿ ನಿಲ್ಲುವಷ್ಟು ಜಾಗವಿತ್ತು, ಅಷ್ಟೇ.

"ಹಂಗಾದ್ರೆ ನಿಮ್ಮನೇಲಿ ಇವತ್ತು ದೊಡ್ಡೋರು ಯಾರು ಸುನಂದಮ್ಮ? ಹುಳಾನೋ, ನಮ್ಮಕ್ಕನೋ?"

"ನಿಮ್ಮಕ್ಕ ಇದ್ದಿದ್ರೂ ಇದೇ ಮಾತು ಹೇಳ್ತಿದ್ರು."

ಅದು ನಿಜವೆಂದು ಸೊಣ್ಣಪ್ಪನಿಗೂ ಗೊತ್ತಿತ್ತು. ನಿಜವಾದ್ದರಿಂದಲೇ ಅವನಿಗೆ ಉರಿಯಿತು. ಇದ್ದಾಗ ಒಂದು ಹೂ ಮುಡಿಯಲು ಬಿಡಲಿಲ್ಲ, ಸತ್ತ ಮೇಲಾದರೂ ಬಿಡಬಾರದೇ ಎಂದು ಅವನ ಹೆಂಡತಿ ಹಿಂದಿನಿಂದ ಅಂದಳು. ಸುನಂದ ಅವಳ ಕಡೆ ನೋಡಲೂ ಇಲ್ಲ.

ಜಗಲಿಯ ಮೇಲೆ ಕುಳಿತಿದ್ದ ಕೋದಂಡರಾಮಪ್ಪ, ಸುನಂದಳ ಗಂಡ, ಹೆಗಲ ಟವೆಲನ್ನು ಮಡಿಸುತ್ತ ಬಿಚ್ಚುತ್ತ ಎದ್ದುಬಂದ. ಹಾರಗಳನ್ನು ಊರಾಚೆಯ ಹುಣಸೆಮರದ ಹತ್ತಿರ ಇಟ್ಟುಕೊಂಡಿದ್ದರೆ, ಹೆಣ ಅಲ್ಲಿಗೆ ಬಂದ ಮೇಲೆ ಎಷ್ಟು ಬೇಕಾದರೂ ಹಾಕಬಹುದು ಎಂದು ಮೆಲ್ಲಗೆ ಹೇಳಿದ. ಸೊಣ್ಣಪ್ಪ ಅದಕ್ಕೂ ಒಪ್ಪಲಿಲ್ಲ.

"ಹೂವಿಲ್ದೆ ಅಂಗಳ ದಾಟೋದು ದಿಕ್ಕಿಲ್ಲದ ಹೆಣ ಬಾವ. ನಮ್ಮಕ್ಕ ಈ ಮನೆಗೆ ಸೊಸೆಯಾಗಿ ಬಂದೋಳು, ಸೊಪ್ಪು ಕೊಯ್ಯೋ ಕೂಲಿಯಾಗಿ ಅಲ್ಲ. ಹೂ ಬೀಳೋವರೆಗೂ ನಾನು ಹೆಗಲು ಕೊಡಲ್ಲ. ಬೇರೆ ಯಾರು ಕೊಡ್ತಾರೋ ನೋಡೇಬಿಡ್ತೀನಿ."

ಹಾರಗಳನ್ನು ವ್ಯಾನಿನ ಬಾನೆಟ್ಟಿನ ಮೇಲೆ ಹರಡಿ, ಅವನು ಗೇಟಿನ ಎದುರು ರಸ್ತೆಯ ಮಣ್ಣಿನಲ್ಲೇ ಕುಳಿತ. ತವರಿನವರು ಹೆಗಲು ಕೊಡದೆ ಹೆಣ್ಣಿನ ಹೆಣ ಏಳುವುದಿಲ್ಲ ಎಂಬುದು ಆ ಊರಿನ ಕಟ್ಟು. ಅಶ್ವತ್ಥಮ್ಮನ ತಲೆಯ ಬಳಿ ಒಂಟಿ ಎಣ್ಣೆದೀಪ ಉರಿಯುತ್ತಿತ್ತು. ಭಜನೆಯ ಮುನಿಯಲ್ಲಪ್ಪ ತಂದಿದ್ದ ಸಾಂಬ್ರಾಣಿಯನ್ನೂ ಬೆಳಿಗ್ಗೆಯೇ ಗೇಟಿನ ಹೊರಗೆ ಇಡಿಸಿದ್ದರು. ಅವನು ತಾಳವನ್ನು ಮಡಿಲಲ್ಲಿ ಇಟ್ಟುಕೊಂಡು, ಬಾಡಿಗೆಯ ಮನೆಯಲ್ಲಿ ಬಣ್ಣ ಬಳಿದುಕೊಂಡು ಕೂತ ಜೀವವನ್ನು ಕುರಿತು ತೆಲುಗಿನಲ್ಲೊಂದು ತತ್ವಪದವನ್ನು ಮೂಗಿನೊಳಗೇ ಹಾಡಿಕೊಳ್ಳುತ್ತಿದ್ದ.

*

ಅಶ್ವತ್ಥಮ್ಮ ಮದುವೆಯಾಗಿ ಬಂದ ದಿನವೂ ಹುಳ ಇತ್ತು. ಧಾರೆಗೆಂದು ಜಡೆ ತುಂಬ ಹೆಣೆದಿದ್ದ ಮಲ್ಲಿಗೆಯನ್ನು ಅತ್ತೆ ಹೊಸಿಲಿನಾಚೆಯೇ ಬಿಚ್ಚಿಸಿ, ತಿಪ್ಪೆಗೆ ಹಾಕಿಸಿ, ಆಮೇಲೆ ಸೇರು ಒದೆಯಿಸಿ ಒಳಗೆ ಕರೆದುಕೊಂಡಿದ್ದರು. ವರ್ಷದಲ್ಲಿ ಐದಾರು ಬೆಳೆ ತೆಗೆಯುವ ಮನೆ. ಒಂದು ಬೆಳೆ ಇಳಿದು ಮನೆ ತೊಳೆದು, ಮುಂದಿನ ಮರಿಹುಳ ಬರುವುದರೊಳಗೆ ಸಿಗುವ ನಾಲ್ಕಾರು ದಿನ ಮಾತ್ರ ಹೆಂಗಸರು ಹೂ ಮುಡಿಯಬಹುದಿತ್ತು. ಗಂಡ ಹಾವು ಕಚ್ಚಿ ಸತ್ತ ಮೇಲೆ ಅಶ್ವತ್ಥಮ್ಮನಿಗೆ ಆ ದಿನಗಳೂ ಹೋದವು. ಮಕ್ಕಳಾಗಿರಲಿಲ್ಲ. ಆಕೆ ಸೊಪ್ಪು ಕತ್ತರಿಸಿದಳು, ಹುಳ ಸಾಕುವ ಬಿದಿರ ತಟ್ಟೆಗೆ ಸಗಣಿ ಬಳಿದಳು, ಮಾತು ಕಮ್ಮಿ ಮಾಡಿದಳು. ಆಡಿದ ಮಾತಿಗೆ ಮಾತ್ರ ಮೊನೆ ಇಟ್ಟಳು.

ಹುಳ ಗೂಡು ಕಟ್ಟುವುದು ಚಂದ್ರಿಕೆಯ ಮೇಲೆ. ಬಿದಿರ ದೆಬ್ಬೆಯನ್ನು ಸುಳಿಸುಳಿಯಾಗಿ ಸುತ್ತಿದ ದೊಡ್ಡ ಚಾಪೆ ಅದು. ಅವನ್ನು ಬಾಡಿಗೆಗೆ ತರುತ್ತಿದ್ದವರು ಶ್ರೀನಿವಾಸಪುರದ ಹಬೀಬುಲ್ಲಾ ಮತ್ತು ಅವನ ಹೆಂಡತಿ ಮುನ್ನೀ ಬೀ. ಒಂದು ಸಲ ಚಂದ್ರಿಕೆ ಇಳಿಸುವಾಗ ಅಶ್ವತ್ಥಮ್ಮ ಅವಳನ್ನು ಕೇಳಿದಳು.

"ವಾಸನೆ ಇಲ್ಲದ ಹೂ ಯಾವುದಾದ್ರೂ ಇದ್ಯಾ ಮುನ್ನಿ?"

"ಪ್ಲಾಸ್ಟಿಕ್‌ದು ಐತಲ್ಲಕ್ಕಾ."

"ಅದನ್ನ ನಿನ್ನ ಟೆಂಪೋಗೆ ಕಟ್ಕೋ. ಬೆಳೆಯೋದು ಕೇಳ್ದೆ."

ಮುಂದಿನ ಬೆಳೆಗೆ ಬರುವಾಗ ಮುನ್ನೀ ಬೀ ತನ್ನ ಮಾಳಿಗೆಯ ಮೇಲಿನ ಪೇಂಟ್ ಡಬ್ಬಿಯೊಂದರಿಂದ ನಿಂಬೆಹಣ್ಣಿನಷ್ಟು ದುಂಡಗಿನ ಒಂದು ಮರಿಯನ್ನು ಪೇಪರಿನಲ್ಲಿ ಸುತ್ತಿ ತಂದಳು. ಮೈತುಂಬ ಬಿಳೀ ನೂಲಿನಂಥ ಕೂದಲು. ಕೂದಲ ನಡುವೆ ಗಾಳದ ಹಾಗೆ ಬಾಗಿದ ಸಣ್ಣ ಮುಳ್ಳು. ಕಳ್ಳಿ. ನೀರು ಕಮ್ಮಿ ಕೊಡಬೇಕು, ಇದು ನಮ್ಮ ರಂಜಾನಿನ ರೋಜಾ ಇದ್ದ ಹಾಗೆ, ನಿಮ್ಮ ಏಕಾದಶಿ ಇದ್ದ ಹಾಗೆ, ಹೊಟ್ಟೆ ತುಂಬಿಸಿದರೆ ಸಾಯುತ್ತದೆ ಎಂದು ಹೇಳಿಕೊಟ್ಟಳು.

ಅಶ್ವತ್ಥಮ್ಮ ತನ್ನ ಗಂಡ ಕಾಫಿ ಕುಡಿಯುತ್ತಿದ್ದ ಪಿಂಗಾಣಿ ಬಳಿದ ತಗಡಿನ ಮಗ್ಗಿನ ತಳಕ್ಕೆ ಮೊಳೆಯಿಂದ ತೂತು ಹೊಡೆದಳು. ಅಡಿಗೆ ಹೆಂಚಿನ ಚೂರು, ಮೇಲೆ ಕೆರೆಕಾಲುವೆಯ ಮರಳು, ಒಂದು ಚಿಟಿಕೆ ಒಣಗಿದ ಹುಳುವಿನ ಹಿಕ್ಕೆ. ದೀಪಾವಳಿ ಕಳೆದರೆ ಶಿವರಾತ್ರಿಯವರೆಗೆ ಒಂದು ಹನಿ ನೀರು ಹಾಕುತ್ತಿರಲಿಲ್ಲ. ಗಿಡ ಸೊರಗಿ ಮಣ್ಣಿಗಿಳಿದಂತೆ ಕಂಡರೂ ಮನಸ್ಸು ಗಟ್ಟಿಮಾಡಿಕೊಂಡು ಕೂರುತ್ತಿದ್ದಳು. ಶಿವರಾತ್ರಿಯ ಜಾಗರಣೆಯ ಮಾರನೆಯ ದಿನ, ತಾನು ಉಪವಾಸ ಬಿಡುವ ಮೊದಲು ಅದಕ್ಕೆ ಬುಡದಲ್ಲಿ ನೀರು. ಮರಿಹುಳಗಳನ್ನು ಕಾಗದದಿಂದ ಸೊಪ್ಪಿನ ಮೇಲೆ ಸರಿಸುವ ಕೋಳಿಗರಿಯಿಂದಲೇ ಮುಳ್ಳಿನ ನಡುವಿನ ಧೂಳು ತೆಗೆಯುತ್ತಿದ್ದಳು. ಒಂದೇ ಕಡೆ ಬಿಸಿಲಿಗೆ ವಾಲದಿರಲೆಂದು ಆಗಾಗ ಮಗ್ಗನ್ನು ತಿರುಗಿಸುತ್ತಿದ್ದಳು. ಬೆರಳಿಗೆ ಮುಳ್ಳು ಹತ್ತಿದರೆ ಕೀಳಲು ಹೋಗುತ್ತಿರಲಿಲ್ಲ. ಎಣ್ಣೆ ಹಚ್ಚಿದ ತನ್ನ ತಲೆಗೂದಲಿಗೆ ಬೆರಳನ್ನು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿದ್ದಳು, ಅದು ತಾನಾಗಿ ಬಿಟ್ಟುಬರುತ್ತಿತ್ತು.

ಎರಡು ಬೇಸಿಗೆ ಅದು ಸುಮ್ಮನೆ ಇತ್ತು. ಮೂರನೆಯದಕ್ಕೆ ನೆತ್ತಿಯ ಸುತ್ತ ಬಳೆ ತೊಡಿಸಿದ ಹಾಗೆ ಗುಲಾಬಿ ಬಣ್ಣದ ಪುಟ್ಟ ಹೂಗಳು ಬಂದವು. ಮಧ್ಯಾಹ್ನದ ಬಿಸಿಲಿಗೆ ಬಿಚ್ಚಿಕೊಂಡು ಸಂಜೆಗೆ ಮುಚ್ಚಿಕೊಳ್ಳುವ ಹೂ. ಅಶ್ವತ್ಥಮ್ಮ ಮೂಗು ಹತ್ತಿರ ತಂದು, ಉಸಿರೆಳೆದು, ಒಬ್ಬಳೇ ನಕ್ಕಳು. ಅಂಗಳ ಗುಡಿಸುತ್ತಿದ್ದ ಸುನಂದ ಅದನ್ನು ನೋಡಿದ್ದಳು. ಮನೆಮುಂದೆ ಮುಳ್ಳುಗಿಡ ಇಟ್ಟರೆ ಜಗಳ ಹುಟ್ಟುತ್ತದೆ ಎಂದು ಅವತ್ತೇ ಅಂದಳು. ಜಗಳಕ್ಕೆ ಗಿಡ ಯಾಕೆ, ನೀನಿಲ್ಲವಾ ಎಂದು ಅಶ್ವತ್ಥಮ್ಮ ಅಂದಳು.

*

ಬಿಸಿಲು ಏರಿದ ಮೇಲೆ ಚಂದ್ರಿಕೆಯ ಟೆಂಪೋ ಬಂತು. ಹಬೀಬುಲ್ಲಾನಿಗೆ ಮಂಡಿನೋವು, ಡ್ರೈವರನ ಪಕ್ಕ ಮುನ್ನೀ ಬೀ ಒಬ್ಬಳೇ ಕುಳಿತಿದ್ದಳು. ವ್ಯಾನು ಗೇಟಿಗೆ ಅಡ್ಡ ಇದ್ದುದರಿಂದ ಟೆಂಪೋ ಹಿಂದೆಯೇ ನಿಂತಿತು. ವ್ಯಾನು ತೆಗೆಯಿರಿ ಎಂದು ಕೋದಂಡರಾಮಪ್ಪ ಕೇಳಿದ. ಸೊಣ್ಣಪ್ಪ ಕೀಲಿಯನ್ನು ಜೇಬಿನಿಂದ ತೆಗೆದು ತೋರಿಸಿ, ಮತ್ತೆ ಜೇಬಿಗೇ ಹಾಕಿಕೊಂಡ.

ಹುಳುಮನೆಯ ಸೊಳ್ಳೆಪರದೆಯ ಬಾಗಿಲನ್ನು ಒಂದಿಷ್ಟೇ ತೆರೆದು ಸುನಂದಳ ಮಗ ವೆಂಕಟ್ ತಾಯಿಯನ್ನು ಕರೆದ. ಕರ್ಮ ಮಾಡಬೇಕಾದವನು ಅವನೇ. ಒದ್ದೆ ಪಂಚೆಯಲ್ಲಿ, ಬರೀ ಮೈಯಲ್ಲಿ ಇದ್ದ. ತಟ್ಟೆಯ ಅಂಚು ಹತ್ತುತ್ತಾ ಇವೆ ಅಮ್ಮ, ಎಲೆಯ ಕಸದಲ್ಲೇ ಎಳೆ ಬಿಡೋಕೆ ಶುರು ಮಾಡಿವೆ ಎಂದ. ಕಸದಲ್ಲಿ ಕಟ್ಟಿದ ಗೂಡು ಯಾವ ಮಾರ್ಕೆಟ್ಟಿನಲ್ಲೂ ಗೂಡಲ್ಲ. ಸುನಂದ ಪರದೆಯೊಳಗೆ ಕಣ್ಣುಹಾಕಿದಳು. ಹಂತಹಂತವಾಗಿ ಜೋಡಿಸಿದ ತಟ್ಟೆಗಳ ಮೇಲೆಲ್ಲ ಹಳದಿ ತಲೆಗಳು ಎದ್ದು, ಗಾಳಿಯಲ್ಲಿ ಏನನ್ನೋ ಹುಡುಕುತ್ತ ಅತ್ತಿತ್ತ ಆಡುತ್ತಿದ್ದವು. ಹಿಂದಿನ ಎರಡು ಬೆಳೆ ಚೆನ್ನಾಗಿ ಬಂದಿರಲಿಲ್ಲ. ಇದು ಬಂದಿತ್ತು. ಇಡೀ ಹುಳುಮನೆಯಲ್ಲಿ ರೋಗ ತಗಲಿದ ಒಂದೂ ಸಪ್ಪೆ ಹುಳ ಇರಲಿಲ್ಲ.

ಮುನ್ನೀ ಬೀ ಚಪ್ಪಲಿ ಬಿಟ್ಟು ಹೊಂಗೆಮರದ ಕೆಳಗೆ ಹೋದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ತುಟಿಯಲ್ಲೇ ಏನೋ ಹೇಳಿಕೊಂಡು, ಬಹಳ ಹೊತ್ತು ನಿಂತಳು. ಅಲ್ಲಿಂದ ಬಂದ ಮೇಲೆ ಜಗಳ ಏನೆಂದು ಹೆಂಗಸರನ್ನು ಕೇಳಿದಳು. ಇಬ್ಬರು ಮೂವರು ಒಟ್ಟಿಗೆ ಹೇಳಿದರು. ಅವಳು ಕೇಳಿಸಿಕೊಂಡು ಹುಳುಮನೆಯ ಕಿಟಕಿಯ ಕಡೆ ಕೈ ತೋರಿಸಿದಳು.

"ಹೂ ಬೇಕು, ವಾಸನೆ ಬ್ಯಾಡ. ಅಷ್ಟೇ ತಾನೆ? ಅಲ್ಲೈತಲ್ಲ."

ಕಿಟಕಿಯ ಕಟ್ಟೆಯ ಮೇಲೆ ಆ ಪಿಂಗಾಣಿ ಮಗ್ಗು. ಈಗ ಕಿತ್ತಳೆಯಷ್ಟಾಗಿದ್ದ ಕಳ್ಳಿಯ ನೆತ್ತಿಯ ಸುತ್ತ ಮೊಗ್ಗುಗಳು ಬಾಯಿ ಬಿಡುತ್ತಿದ್ದವು.

ಮುನಿಯಲ್ಲಪ್ಪನ ಹಾಡು ನಿಂತಿತು. ಎಲ್ಲರೂ ಸುನಂದಳನ್ನು ನೋಡಿದರು. ಮುನ್ನೀ ಬೀಗೆ ತಾನು ಏನು ತಪ್ಪು ಆಡಿದೆನೆಂದು ತಿಳಿಯಲಿಲ್ಲ.

*

ಕೆಲವು ವರ್ಷಗಳ ಹಿಂದಿನ ಬೇಸಿಗೆಯ ಬೆಳೆ ಅದು. ಹಣ್ಣಾಗಲು ಎರಡು ದಿನ ಇರುವಾಗ ಹುಳಗಳು ತಲೆ ಅಲುಗಿಸುತ್ತ, ಹಸಿರು ನೀರು ಕಕ್ಕುತ್ತ, ಮೈ ಸುರುಟಿಕೊಂಡು ಸತ್ತವು. ಸಂಜೆಯ ಹೊತ್ತಿಗೆ ಕುಕ್ಕೆಗಟ್ಟಲೆ ತಿಪ್ಪೆಗೆ ಹೊತ್ತರು. ಆ ವಾರ ಕೋದಂಡರಾಮಪ್ಪ ಪಕ್ಕದ ತುಂಡಿನಲ್ಲಿದ್ದ ಟೊಮೊಟೊಗೆ ಔಷಧಿ ಹೊಡೆದಿದ್ದ. ಗಾಳಿ ಹಿಪ್ಪುನೇರಳೆ ಸೊಪ್ಪಿನ ಸಾಲಿನ ಕಡೆಗಿತ್ತು. ಆ ಸಾಲಿನ ಸೊಪ್ಪನ್ನೇ ತಂದು ಹಾಕಿದ್ದರು. ಇದು ಮನೆಯಲ್ಲಿ ಮೂವರಿಗೂ ಗೊತ್ತಿತ್ತು. ಔಷಧಿಯ ಡಬ್ಬಿ ತೊಳೆದವಳು ಅಶ್ವತ್ಥಮ್ಮ.

ಆದರೆ ಆ ವಾರವೇ ಕಳ್ಳಿ ಹೂ ಬಿಟ್ಟಿತ್ತು. ಹುಳ ಇರುವ ಮನೆಯ ಮುಂದೆ ಹೂ ಬಿಟ್ಟರೆ ಇನ್ನೇನಾಗುತ್ತದೆ ಎಂದು ಊರವರಲ್ಲಿ ಯಾರೋ ಅಂದರು. ಆ ಮಾತು ಬಂದು ಸೇರುವುದಕ್ಕೆ ಸುನಂದಳ ನಾಲಗೆ ಜಾಗ ಮಾಡಿಕೊಂಡು ಕಾದಿತ್ತು. ಅರಳಿಕಟ್ಟೆಯ ಮೇಲೆ ಹಿರಿಯರು ಸೇರಿದರು, ಮಾಸ್ತಿಯಿಂದ ಸೊಣ್ಣಪ್ಪನನ್ನೂ ಕರೆಸಿದರು. ಅಲ್ಲಿ ಸುನಂದ, ನಾನೇ ಮೂಗಿಟ್ಟು ನೋಡಿದ್ದೀನಿ, ಘಮ್ಮಂತ ವಾಸನೆ ಇದೆ, ಮನೆ ದೀಪದ ಆಣೆ ಅಂದಳು. ಅವಳು ಆ ಗಿಡದ ಹತ್ತಿರವೂ ಹೋದವಳಲ್ಲ. ಪರೀಕ್ಷೆ ಮಾಡಲು ಯಾರಿಗೂ ತೋಚಲಿಲ್ಲ; ಸಂಜೆಯಾಗಿತ್ತು, ಹೂ ಮುಚ್ಚಿತ್ತು, ಮುಳ್ಳಿಗೆ ಮೂಗು ಕೊಡಲು ಯಾವ ಗಂಡಸಿಗೂ ಮನಸ್ಸಿರಲಿಲ್ಲ. ಕೋದಂಡರಾಮಪ್ಪ ಅವತ್ತೂ ಟವೆಲನ್ನು ಮಡಿಸುತ್ತ ಬಿಚ್ಚುತ್ತ ಇದ್ದ.

ಅಶ್ವತ್ಥಮ್ಮ ಒಂದು ಕ್ಷಣ ಮೈದುನನ ಮುಖ ನೋಡಿದಳು. ಔಷಧಿಯ ಮಾತು ಆಡಲಿಲ್ಲ. ಮರ್ಯಾದೆಗೆ ಆಡಲಿಲ್ಲವೋ, ಹಟಕ್ಕೋ, ಯಾರಿಗೂ ತಿಳಿಯಲಿಲ್ಲ. ಸುನಂದಳ ಕಡೆ ತಿರುಗಿ ಮಾತ್ರ ಅಂದಳು.

"ನನ್ನ ಹೂವಿಗೆ ವಾಸನೆ ಇಲ್ಲ ಕಣೇ. ವಾಸನೆ ಇರೋದು ಬಾಯಿಗೆ."

ಅವತ್ತಿನಿಂದ ಒಲೆ ಬೇರೆಯಾಯಿತು. ಅಶ್ವತ್ಥಮ್ಮ ಹಿತ್ತಲ ಚಪ್ಪರದಲ್ಲಿ ತನ್ನ ಮುದ್ದೆ ತಾನೇ ಬೇಯಿಸಿಕೊಂಡಳು. ಆದರೆ ಹುಳುಮನೆಯ ಕೆಲಸಕ್ಕೆ ಇನ್ನೊಂದು ಕೈ ಇರಲಿಲ್ಲ. ಇಬ್ಬರೂ ಅದೇ ತಟ್ಟೆಗಳ ಎರಡು ಬದಿ ನಿಂತು ಸೊಪ್ಪು ಹಾಕಿದರು; ಒಬ್ಬರ ಮುಖ ನೋಡಿ ಇನ್ನೊಬ್ಬರು ಮಾತಾಡಲಿಲ್ಲ. ಏನಿದ್ದರೂ ಹುಳಕ್ಕೆ ಹೇಳುವುದು. ಯಾಕ್ರಪ್ಪಾ, ಈ ಹೊತ್ತು ಎಳೆಸೊಪ್ಪು ಹಾಕಿದ್ದಾಳಾ ನಿಮಗೆ ಎಂದು ಒಬ್ಬಳು. ತಿನ್ರಪ್ಪಾ, ಬೇರೆಯವರ ಬಾಯಿ ನೋಡಬೇಡಿ ಎಂದು ಇನ್ನೊಬ್ಬಳು.

ಗಿಡವನ್ನು ಬಿಸಾಡುವ ಧೈರ್ಯ ಸುನಂದಳಿಗೆ ಇರಲಿಲ್ಲ; ಬಿಸಾಡಿದರೆ ಸೋತಂತಾಗುತ್ತಿತ್ತು. ಪಾತ್ರೆ ತೊಳೆದ ನೀರನ್ನು ಹೋಗುತ್ತ ಬರುತ್ತ ಅದಕ್ಕೆ ಸುರಿಯತೊಡಗಿದಳು. ನೆರೆಯವರು ನೋಡಿದರೆ ಗಿಡಕ್ಕೆ ನೀರು ಹಾಕುತ್ತಿದ್ದಾಳೆ ಎಂದೇ ಅಂದುಕೊಳ್ಳಬೇಕು. ಬುಡ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿತು. ಅಶ್ವತ್ಥಮ್ಮ ಅದನ್ನು ಕಿತ್ತು, ಕೊಳೆತದ್ದನ್ನು ಕುಡುಗೋಲಿನ ತುದಿಯಿಂದ ಕೊಯ್ದು, ಬೂದಿ ಹಚ್ಚಿ, ನೆರಳಿನಲ್ಲಿ ಗಾಯ ಒಣಗುವವರೆಗೆ ಬರಿದೇ ಇಟ್ಟು, ಹೊಸ ಮರಳಿನಲ್ಲಿ ಮತ್ತೆ ಕೂರಿಸಿದಳು. ಮಗ್ಗನ್ನು ಹುಳುಮನೆಯ ಕಿಟಕಿಯ ಮೇಲೇ ತಂದಿಟ್ಟಳು. ಸುನಂದ ದಿನಕ್ಕೆ ಎಷ್ಟು ಸಲ ಒಳಗೆ ಹೋದರೂ ಅದನ್ನು ದಾಟಿಯೇ ಹೋಗಬೇಕಿತ್ತು. ಅವತ್ತು ಅಶ್ವತ್ಥಮ್ಮ ಹುಳಗಳಿಗೆ ಹೇಳಿದಳು.

"ಬೆಂಕಿ ಇಟ್ಟು ಕೊಲ್ಲೋರನ್ನ ನೋಡಿದ್ದೆ ಕಣ್ರಪ್ಪಾ. ನೀರು ಕೊಟ್ಟು ಕೊಲ್ಲೋರನ್ನ ಇಲ್ಲೇ ನೋಡಿದ್ದು."

ಇವತ್ತು ಬೆಳಕು ಹರಿಯುವಾಗ ಸುನಂದ ಹುಳುಮನೆಗೆ ಹೋದಾಗ ಅಶ್ವತ್ಥಮ್ಮ ಗೋಡೆಗೊರಗಿ ಕೂತಿದ್ದಳು. ಸೊಪ್ಪಿನ ಕುಕ್ಕೆ ಮಡಿಲಲ್ಲಿತ್ತು. ತನ್ನ ಬದಿಯ ತಟ್ಟೆಗಳಿಗೆಲ್ಲ ಸೊಪ್ಪು ಹಾಕಿ ಮುಗಿಸಿದ್ದಳು. ಏನ್ರಪ್ಪಾ, ಕೂತುಬಿಟ್ಟಿದ್ದಾಳೆ ಎಂದು ಸುನಂದ ಹುಳಕ್ಕೆ ಹೇಳಿದಳು. ಉತ್ತರ ಬರಲಿಲ್ಲ. ಹತ್ತಿರ ಹೋಗಿ ಕೈ ಮುಟ್ಟಿದಳು, ತಣ್ಣಗಿತ್ತು. ಆಮೇಲೆ ಅವಳು ಕೂಗಲಿಲ್ಲ. ಆ ಮಡಿಲಿನಿಂದ ಕುಕ್ಕೆಯನ್ನು ತೆಗೆದುಕೊಂಡು, ತನ್ನ ಬದಿಯ ತಟ್ಟೆಗಳಿಗೆ ಒಂದೊಂದಾಗಿ ಕೊನೆಯ ಸೊಪ್ಪು ಹಾಕಿದಳು. ಎಲ್ಲ ಮುಗಿದ ಮೇಲೆ ಹೊರಗೆ ಬಂದು ಅತ್ತಳು. ಅವಳು ಸೊಪ್ಪು ಹಾಕಿದ್ದನ್ನು ಬಾಗಿಲಲ್ಲಿ ನಿಂತು ನೋಡಿದವನು ಗಂಡ ಒಬ್ಬನೇ.

*

ಸೊಣ್ಣಪ್ಪ ಮಣ್ಣು ಕೊಡವಿಕೊಂಡು ಎದ್ದು ಗೇಟಿನ ಒಳಗೆ ಬಂದ. ಕೈ ಖಾಲಿ ಇತ್ತು.

"ಮುನ್ನೀ ಬೀ ಸರಿಯಾಗಿ ಹೇಳಿದ್ಳು. ಆದ್ರೆ ಸುನಂದಮ್ಮ, ಆ ಹೂವಿಗೆ ಘಮ್ಮಂತ ವಾಸನೆ ಇದೆ ಅಂತ ಕಟ್ಟೆ ಮೇಲೆ ಆಣೆ ಇಟ್ಟೋರು ನೀವು. ನಾನೂ ಇದ್ದೆ. ವಾಸನೆ ಇರೋದು ನಿಜ ಆದ್ರೆ, ಹುಳುಮನೆ ಕಿಟಕೀಲಿ ಅದು ಅರಳಬಹುದು ಅಂದ್ಮೇಲೆ ನನ್ನ ಹಾರಾನೂ ಒಳಗೆ ಬರ್ಲಿ. ಇಲ್ಲ ಅಂದ್ರೆ ಅದನ್ನ ಕಿತ್ತು ನಮ್ಮಕ್ಕನಿಗೆ ಮುಡಿಸಿ. ನೀವೇ ಮುಡಿಸ್ಬೇಕು. ಇಷ್ಟು ಜನದ ಮುಂದೆ ಎರಡರಲ್ಲಿ ಒಂದು ಹೇಳಿ, ವ್ಯಾನು ತೆಗೀತೀನಿ."

ಸತ್ತ ಮನೆಯಲ್ಲಿ ಇದೆಲ್ಲ ಯಾಕಪ್ಪಾ ಎಂದು ಯಾರೋ ಅಂದರು. ಆದರೆ ಯಾರೂ ಜಾಗ ಬಿಟ್ಟು ಕದಲಲಿಲ್ಲ. ಕಟ್ಟೆಯ ಮೇಲೆ ಅವತ್ತು ಕೂತಿದ್ದ ಹಿರಿಯರಲ್ಲಿ ಉಳಿದ ಇಬ್ಬರು ಅಲ್ಲೇ ಕಂಬಕ್ಕೆ ಒರಗಿದ್ದರು. ಅವರು ನೆಲ ನೋಡಿದರು.

ಬಾಗಿಲಿನಿಂದ ವೆಂಕಟ್ ಮತ್ತೆ ಕರೆದ. ಅಮ್ಮಾ, ಗೋಡೆ ಹತ್ತುತ್ತಾ ಇವೆ.

ಕೋದಂಡರಾಮಪ್ಪನ ಕೈಯಲ್ಲಿ ಟವೆಲು ನಿಂತಿತು. ಅವನು ಎದ್ದು ಎರಡು ಹೆಜ್ಜೆ ಮುಂದೆ ಬಂದ.

"ಸೊಣ್ಣಪ್ಪಾ, ಆ ಬೆಳೆ ಹೋಗಿದ್ದು..."

"ನೀವು ಸುಮ್ನೆ ಕೂತ್ಕೊಳ್ಳಿ," ಎಂದಳು ಸುನಂದ. "ಅವತ್ತು ಆಡದೇ ಇದ್ದಿದ್ದು ಇವತ್ತು ಬೇಡ."

ಅವಳು ಕಿಟಕಿಯ ಕಡೆ ನಡೆದಳು. ಮಧ್ಯಾಹ್ನದ ಬಿಸಿಲು ನೇರವಾಗಿ ಮಗ್ಗಿನ ಮೇಲೆ ಬಿದ್ದಿತ್ತು. ಹೂಗಳು ಪೂರ್ತಿ ಬಿಚ್ಚಿಕೊಂಡಿದ್ದವು, ಅಂಗಿಯ ಗುಂಡಿಗಿಂತ ದೊಡ್ಡವಲ್ಲ, ಎಸಳಿನ ನಡುವೆ ಗೆರೆ ಎಳೆದ ಹಾಗೆ ಕಡುಗುಲಾಬಿ. ಇಷ್ಟು ವರ್ಷ ದಿನವೂ ದಾಟಿ ಹೋದ ಗಿಡವನ್ನು ಅವಳು ಹತ್ತಿರ ನಿಂತು ಕಣ್ಣಿಟ್ಟು ನೋಡಿದ್ದು ಇದೇ ಮೊದಲು. ಬುಡದಲ್ಲಿ ಕೊಯ್ದ ಕಡೆ ಒಂದು ಒಣಗಿದ ಮಚ್ಚೆ ಇತ್ತು. ಅಲ್ಲಿಂದ ಮೇಲಕ್ಕೆ ಗಿಡ ದಪ್ಪಗೆ, ಬಿಳುಪಾಗಿ, ಒಂದು ಚೂರೂ ಧೂಳಿಲ್ಲದೆ ಕೂತಿತ್ತು. ನಿನ್ನೆಯೂ ಅಶ್ವತ್ಥಮ್ಮ ಗರಿ ಆಡಿಸಿದ್ದಳು.

ಸುನಂದ ಬಾಗಿ ಮೂಗು ಹತ್ತಿರ ತಂದಳು. ಮುಳ್ಳೊಂದು ಮೂಗಿನ ತುದಿಗೆ ತಾಕಿತು. ಕಾದ ತಗಡಿನ ವಾಸನೆ ಬಂತು, ಮರಳಿನ ವಾಸನೆ ಬಂತು, ಪರದೆಯ ಆಚೆಯಿಂದ ಹುಳ ತಿಂದು ಬಿಟ್ಟ ಸೊಪ್ಪಿನ ಹಸಿ ವಾಸನೆ ಬಂತು.

"ಇಲ್ಲ," ಎಂದಳು, ಹಿಂದೆ ತಿರುಗದೆ.

"ಏನಿಲ್ಲ?" ಸೊಣ್ಣಪ್ಪ ಬಿಡಲಿಲ್ಲ. "ಕೇಳಿಸ್ಲಿಲ್ಲ."

"ವಾಸನೆ ಇಲ್ಲ."

ಕಂಬಕ್ಕೊರಗಿದ್ದ ಹಿರಿಯನೊಬ್ಬ ಕೆಮ್ಮಿದ. ಸೊಣ್ಣಪ್ಪನ ಹೆಂಡತಿ ಏನೋ ಹೇಳಹೋದಳು, ಮುನ್ನೀ ಬೀ ಅವಳ ಕೈ ಹಿಡಿದಳು. ಸುನಂದ ಹೂ ಕೀಳತೊಡಗಿದಳು. ಪ್ರತಿ ಹೂವೂ ಮುಳ್ಳಿನ ನಡುವೆ ಆಳದಲ್ಲಿ ಕೂತಿತ್ತು. ಬೆರಳು ಒಳಗೆ ಹಾಕಿದರೆ ಗಾಳಗಳು ಚರ್ಮ ಹಿಡಿದುಕೊಳ್ಳುತ್ತಿದ್ದವು, ಎಳೆದರೆ ಮುರಿದು ಉಳಿಯುತ್ತಿದ್ದವು. ಅವಳು ನಿಲ್ಲಿಸಲಿಲ್ಲ, ಮುಖ ಕಿವಿಚಲೂ ಇಲ್ಲ. ಬಿಚ್ಚಿಕೊಂಡ ಹೂಗಳೆಲ್ಲ ಎಡ ಅಂಗೈಗೆ ಬಂದವು. ಎರಡು ಮೊಗ್ಗು ಗಿಡದಲ್ಲೇ ಉಳಿದವು.

ಚಾಪೆಯ ಬಳಿ ಮಂಡಿಯೂರಿ, ಬೆಳಿಗ್ಗೆ ಹೆಂಗಸರು ಸ್ನಾನ ಮಾಡಿಸಿ ಬಾಚಿದ್ದ ಆ ನರೆತ ಕೂದಲಿಗೆ, ಕಿವಿಯ ಮೇಲೆ, ಒಂದೊಂದಾಗಿ ಸಿಕ್ಕಿಸಿದಳು. ಎಣ್ಣೆಯ ಜಿಡ್ಡು ಇನ್ನೂ ಉಳಿದಿತ್ತು; ಹೂಗಳು ನಿಂತವು. ಆಮೇಲೆ ಅವಳು ತಗ್ಗಿದ ದನಿಯಲ್ಲಿ, ಆದರೆ ಹಲ್ಲು ಕಚ್ಚಿಕೊಂಡೇ ಮಾತಾಡಿದಳು. ಒಲೆ ಬೇರೆಯಾದ ಮೇಲೆ ಅಶ್ವತ್ಥಮ್ಮನ ಮುಖ ನೋಡಿ, ಹುಳಕ್ಕಲ್ಲದೆ ಅವಳಿಗೇ ಎಂದು ಆಡಿದ ಮೊದಲ ಮಾತು ಅದು.

"ತಗೋ ಅಕ್ಕ. ಈಗ ಸಮಾಧಾನ ಆಯ್ತಾ?"

ಮುನಿಯಲ್ಲಪ್ಪ ತಾಳ ಎತ್ತಿಕೊಂಡ. ಸೊಣ್ಣಪ್ಪ ಹೋಗಿ ವ್ಯಾನನ್ನು ಹಿಂದಕ್ಕೆ ತೆಗೆದ. ಚಟ್ಟ ಎದ್ದಾಗ ಮುಂದಿನ ಹೆಗಲು ಅವನದೇ. ಗೇಟಿನಲ್ಲಿ ಹೆಣ ಹೊರಗೆ ಹೋಗುವವರೂ ಚಂದ್ರಿಕೆ ಒಳಗೆ ತರುವವರೂ ಎದುರಾದರು. ಟೆಂಪೋದವರು ಬಿದಿರ ಚಾಪೆಗಳನ್ನು ಗೋಡೆಗೆ ಒತ್ತಿ ಹಿಡಿದು ದಾರಿ ಬಿಟ್ಟರು.

*

ಸುನಂದ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಗಂಟು ಹಾಕಿ ಹುಳುಮನೆಗೆ ಬಂದಳು. ಮುನ್ನೀ ಬೀ ಆಗಲೇ ಚಂದ್ರಿಕೆಗಳನ್ನು ಗೋಡೆಯುದ್ದಕ್ಕೂ ಓರೆಯಾಗಿ ನಿಲ್ಲಿಸಿದ್ದಳು. ಇಬ್ಬರೂ ತಟ್ಟೆಗಳ ಎರಡು ಬದಿಗೆ ನಿಂತರು. ಅಶ್ವತ್ಥಮ್ಮನ ಬದಿಯಲ್ಲಿ ಮುನ್ನೀ ಬೀ ನಿಂತಳು.

ಹಣ್ಣಾದ ಹುಳವನ್ನು ಬೆರಳ ತುದಿಯಿಂದ ಎತ್ತಬೇಕು, ಹೂ ಎತ್ತುವುದಕ್ಕಿಂತ ಹಗುರವಾಗಿ. ಒತ್ತಿದರೆ ಒಳಗಿನ ರೇಷ್ಮೆಯೆಲ್ಲ ನೀರು. ಸುನಂದಳ ಬಲಗೈಯ ಮೂರು ಬೆರಳಿಗೂ ಮುಳ್ಳು ಹತ್ತಿತ್ತು; ಹುಳ ಮುಟ್ಟಿದರೆ ತನಗೆ ಚುಚ್ಚುತ್ತಿದೆಯೋ ಹುಳಕ್ಕೆ ಚುಚ್ಚುತ್ತಿದೆಯೋ ತಿಳಿಯುತ್ತಿರಲಿಲ್ಲ. ಉಗುರಿನಿಂದ ಕೀಳಲು ನೋಡಿದಳು, ಇನ್ನೂ ಒಳಗೆ ಹೋದವು. ಎಡಗೈಯಲ್ಲಿ ಎತ್ತಿದಳು, ಎರಡು ಹುಳ ನೆಲಕ್ಕೆ ಬಿದ್ದವು. ಮುನ್ನೀ ಬೀ ನೋಡಿಯೂ ನೋಡದ ಹಾಗೆ ತನ್ನ ಕೆಲಸ ಮಾಡುತ್ತಿದ್ದಳು.

ಗಂಡಸರು ಸಂಜೆ ಹಿಂದಿರುಗಿದರು. ವೆಂಕಟ್ ಪರದೆಯ ಆಚೆಯಿಂದಲೇ ಹೇಳಿದ: ಮಣ್ಣು ಆಯಿತು, ಹಾರವೆಲ್ಲ ಹುಣಸೆಮರದ ಹತ್ತಿರ ಹಾಕಿದರು, ನಾಯಿ ಕೆದಕದಿರಲೆಂದು ಗುಡ್ಡೆಯ ಮೇಲೆ ಜಾಲಿಮುಳ್ಳು ಹೊದಿಸಿ ಬಂದೆವು. ಸೊಣ್ಣಪ್ಪ ಮಾವ ಊಟ ಮುಟ್ಟದೆ ಹೊರಟಿದ್ದಾರೆ. ಕಿಟಕಿಯ ಮೇಲಿನ ಗಿಡ ಕೊಡ್ತೀರಾ ಎಂದು ಅವರ ಹೆಂಡತಿ ಕೇಳಿದಳು, ಏನು ಹೇಳಲಿ ಅಂದ.

"ಹುಳ ಇರೋವಾಗ ಕಿಟಕಿ ಹತ್ರ ಯಾರೂ ಬರ್ಬಾರ್ದು ಅಂತ ಹೇಳು."

ಅವನು ಹೋದ. ಅವಳು ಒದ್ದೆ ಗಂಟನ್ನು ಬಿಚ್ಚಿ ಕೂದಲನ್ನು ಬೆನ್ನಿಗೆ ಬಿಟ್ಟಳು. ಮುನ್ನೀ ಬೀ ತಲೆಯೆತ್ತಿ ನೋಡಿದಳು. ಸುನಂದ ಬಲಗೈಯ ಬೆರಳುಗಳನ್ನು ಕಿವಿಯ ಮೇಲಿನ ಕೂದಲಿಗೆ ಇಟ್ಟು ಹಿಂದಕ್ಕೂ ಮುಂದಕ್ಕೂ ಉಜ್ಜಿದಳು, ಹಿಂದಕ್ಕೂ ಮುಂದಕ್ಕೂ. ಮುಳ್ಳುಗಳು ಒಂದೊಂದಾಗಿ ಬಿಟ್ಟವು. ತೋರುಬೆರಳಿನಲ್ಲಿ ಒಂದು ಮಾತ್ರ ಬರಲಿಲ್ಲ.

ಅವಳು ಆ ಕೈಯಿಂದಲೇ ಮುಂದಿನ ಹುಳವನ್ನು ಎತ್ತಿದಳು. ಅದು ಅಂಗೈಯಿಂದ ಬೆರಳಿನ ತುದಿಗೆ ಹತ್ತಿ, ಮುಂಭಾಗವನ್ನು ಮೇಲೆತ್ತಿ, ತಲೆಯನ್ನು ಅತ್ತಿತ್ತ ಆಡಿಸುತ್ತ ಜಾಗ ಹುಡುಕಿತು. ಚಂದ್ರಿಕೆಯ ದೆಬ್ಬೆಯನ್ನು ಒಮ್ಮೆ ಮುಟ್ಟಿತು. ಹಿಂದಿರುಗಿ ಅವಳ ಬೆರಳಿನಲ್ಲಿ ನಿಂತಿದ್ದ ಮುಳ್ಳನ್ನು ಮುಟ್ಟಿತು. ತನ್ನ ಮೊದಲ ಎಳೆಯನ್ನು ಆ ಮುಳ್ಳಿಗೆ ಅಂಟಿಸಿ, ಬಿದಿರಿನ ಕಡೆ ನಿಧಾನವಾಗಿ ಎಳೆಯತೊಡಗಿತು. ಕಿಟಕಿಯಿಂದ ಬಂದ ಕೊನೆಯ ಬಿಸಿಲಿನಲ್ಲಿ ಆ ಎಳೆ ಕಂಡಿತು, ಮರೆಯಾಯಿತು, ಮತ್ತೆ ಕಂಡಿತು. ಸುನಂದ ಕೈಯನ್ನು ಅಲುಗಿಸದೆ ಹಿಡಿದುಕೊಂಡು ನಿಂತಳು.